ಕ್ಯೂರಿಯೂಸ್ ದ್ವೀಪದ ದೈತ್ಯ ಆಮೆಗಳು: ಮನೆಮಂದಿಯ ಜೊತೆ ಒಂದು ದಿನದ ಪ್ರವಾಸ – ಪದೇ ಪದೇ ಕೇಳುವ ಪ್ರಶ್ನೆಗಳು

ಹಿಂದೂ ಮಹಾಸಾಗರದ ದ್ವೀಪದೇಶ ಸೇಶೆಲ್ಸ್‌ಗೆ ಹೋಗುವವರು ಆಮೆ ನೋಡದೆ ಬರುವುದು ಕಡಿಮೆ. ಆದರೆ ಬೇಲಿಯೊಳಗಿನ ಆಮೆ ನೋಡುವುದು ಬೇರೆ, ಬೇಲಿಯಿಲ್ಲದ ಕಡೆ ಆಮೆಗಳ ನಡುವೆ ನಡೆದಾಡುವುದು ಬೇರೆ. ಎರಡನೆಯದು ಬೇಕಿದ್ದವರಿಗಾಗಿ, ಅದರಲ್ಲೂ ಮಕ್ಕಳು ಮತ್ತು ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗಾಗಿ ಈ ಪುಟ.

ಕ್ಯೂರಿಯೂಸ್ ಎಲ್ಲಿದೆ? ಅಲ್ಲಿಗೇ ಯಾಕೆ ಹೋಗಬೇಕು?

ಸೇಶೆಲ್ಸ್‌ನ ಎರಡನೇ ದೊಡ್ಡ ದ್ವೀಪ ಪ್ರಾಲಿನ್. (ಇಂಗ್ಲಿಷ್ ಕಾಗುಣಿತದಲ್ಲಿ ನಡುವೆ ಒಂದು ‘ಸ’ ಇರುತ್ತದೆ, ಬಾಯಲ್ಲಿ ಬರುವುದಿಲ್ಲ.) ಅದರ ಉತ್ತರ ದಂಡೆಗೆ ಎದುರಾಗಿ, ದೋಣಿಯಲ್ಲಿ 10–15 ನಿಮಿಷದ ದಾರಿಯಲ್ಲಿ ಕ್ಯೂರಿಯೂಸ್ ಇದೆ. ವಿಸ್ತೀರ್ಣ 3 ಚದರ ಕಿಲೋಮೀಟರ್‌ಗೂ ಕಡಿಮೆ. ಮಣ್ಣು ಕೆಂಪಗಿರುವುದರಿಂದ ಮೊದಲು ಇದನ್ನು ‘ಕೆಂಪು ದ್ವೀಪ’ ಎಂದೇ ಕರೆಯುತ್ತಿದ್ದರು. 1768ರಲ್ಲಿ ಬಂದ ಫ್ರೆಂಚ್ ಹಡಗಿನ ಹೆಸರು ಆಮೇಲೆ ಅಂಟಿಕೊಂಡಿತು. 1979ರಿಂದ ದ್ವೀಪವೂ ಸುತ್ತಲಿನ ಕಡಲೂ ಸಾಗರ ರಾಷ್ಟ್ರೀಯ ಉದ್ಯಾನ. ರೇಂಜರ್‌ಗಳನ್ನೂ ಸಂಶೋಧನೆಗೆ ಬಂದವರನ್ನೂ ಬಿಟ್ಟರೆ ಅಲ್ಲಿ ಯಾರೂ ವಾಸವಿಲ್ಲ. ಅಂಗಡಿಯಿಲ್ಲ, ಹೋಟೆಲಿಲ್ಲ, ವಾಹನವಿಲ್ಲ. ದೊಡ್ಡ ಆಮೆಗಳು ಕಟ್ಟಿಲ್ಲದೆ ತಿರುಗಾಡುತ್ತವೆ. ಬೆಳಗ್ಗೆ ಹೋಗಿ ಸಂಜೆಗೆ ಬರುವಷ್ಟು ಹತ್ತಿರವೂ ಹೌದು. ಮಕ್ಕಳಿರುವ ಮನೆಯವರಿಗೆ ಇದಕ್ಕಿಂತ ಅನುಕೂಲದ ಜಾಗ ಆ ಸೀಮೆಯಲ್ಲಿಲ್ಲ.

ಇವು ಕಡಲಾಮೆಗಳಾ?

ಅಲ್ಲ. ನಮ್ಮಲ್ಲಿ ಎಲ್ಲಕ್ಕೂ ‘ಆಮೆ’ ಎಂಬ ಒಂದೇ ಮಾತು ಇರುವುದರಿಂದ ಬುಕಿಂಗ್ ಮಾಡುವಾಗಲೇ ಗೊಂದಲವಾಗುತ್ತದೆ. ಇವು ಪೂರ್ತಿ ನೆಲದ ಮೇಲೆ ಬದುಕುವ ಆಮೆಗಳು. ಕಾಲು ಆನೆಮರಿಯ ಕಾಲಿನಂತೆ ಕಂಬ, ಕಡಲಾಮೆಯಂತೆ ಹುಟ್ಟುಗಾಲಲ್ಲ. ಜಾತಿಯ ಹೆಸರು ಆಲ್ಡಾಬ್ರಾ ದೈತ್ಯ ಆಮೆ. ದೊಡ್ಡ ಗಂಡಿನ ಚಿಪ್ಪು ಸುಮಾರು 120 ಸೆಂಟಿಮೀಟರ್ ಉದ್ದ, ತೂಕ 250 ಕಿಲೋ. ಹೆಣ್ಣು ಇದಕ್ಕಿಂತ ಸಾಕಷ್ಟು ಸಣ್ಣದು, 150 ಕಿಲೋದ ಆಸುಪಾಸು.

ಗಲಪಗೋಸ್‌ನ ಆಮೆಗಳೂ ಇವೇ ಎಂದು ಬಹಳ ಜನ ತಿಳಿದಿರುತ್ತಾರೆ. ಅವು ಶಾಂತಸಾಗರದವು, ಬೇರೆಯೇ ವಂಶ. ಎರಡು ಕಡೆ ಬೇರೆಬೇರೆಯಾಗಿ ದೈತ್ಯ ಗಾತ್ರ ಬಂದಿದೆ. ಆಲ್ಡಾಬ್ರಾ ಆಮೆಯ ಮೂಗಿನ ರಚನೆಯಲ್ಲಿ ಒಂದು ಚಮತ್ಕಾರವಿದೆ: ಬಂಡೆಯ ಮೇಲಿನ ತೆಳು ನೀರಿನಲ್ಲಿ ಬಾಯಿ ಮುಳುಗದಿದ್ದರೂ ಮೂಗಿನಿಂದಲೇ ನೀರು ಹೀರಿಕೊಳ್ಳುತ್ತದೆ. ಮಳೆ ಬಂದು ನಿಂತ ಮೇಲೆ ಹೋದರೆ ಇದು ಕಾಣಲು ಸಿಗಬಹುದು.

ಕಡಲಾಮೆಗಳೂ ಕ್ಯೂರಿಯೂಸ್ ದಂಡೆಗೆ ಮೊಟ್ಟೆಯಿಡಲು ಬರುತ್ತವೆ. ಅದು ಬೇರೆ ವಿಷಯ. ಹಗಲು ಪ್ರವಾಸದಲ್ಲಿ ಅದು ಕಂಡೇ ಕಾಣುತ್ತದೆ ಎಂದು ಮಕ್ಕಳಿಗೆ ಮಾತು ಕೊಡಬೇಡಿ.

ಈ ಆಮೆಗಳು ಕ್ಯೂರಿಯೂಸ್‌ನವೇನಾ?

ಮೂಲದವಲ್ಲ. ಸೇಶೆಲ್ಸ್‌ನ ಗ್ರಾನೈಟ್ ದ್ವೀಪಗಳಲ್ಲಿ ಹಿಂದೆ ಇದ್ದ ಕಾಡು ಆಮೆಗಳನ್ನು ಹಡಗಿನವರು ತಿಂದು ಮುಗಿಸಿದರು. ಆಹಾರ–ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕುವ ಪ್ರಾಣಿ, ಹಡಗಿನ ತಳದಲ್ಲಿ ಕವುಚಿಟ್ಟರೆ ನಡೆದಾಡುವ ಉಗ್ರಾಣ. ತೀರಾ ದೂರದ ಆಲ್ಡಾಬ್ರಾ ಹವಳದಿಬ್ಬದಲ್ಲಿ ಮಾತ್ರ ಅವು ಉಳಿದವು. 1874ರಲ್ಲಿ ಚಾರ್ಲ್ಸ್ ಡಾರ್ವಿನ್ ಸೇರಿದಂತೆ ಕೆಲವು ವಿಜ್ಞಾನಿಗಳು ಇವನ್ನು ಉಳಿಸಿ ಎಂದು ಮಾರಿಷಸ್ ಗವರ್ನರ್‌ಗೆ ಪತ್ರ ಬರೆದಿದ್ದರು. ಇವತ್ತು ಆಲ್ಡಾಬ್ರಾದಲ್ಲಿ ಸುಮಾರು ಒಂದು ಲಕ್ಷ ಆಮೆಗಳಿವೆ. ಅಲ್ಲಿಂದ 1978 ಮತ್ತು 1982ರ ನಡುವೆ ತಂದು ಬಿಟ್ಟವು, ಅವುಗಳ ಸಂತಾನ, ಇವೇ ಈಗ ಕ್ಯೂರಿಯೂಸ್‌ನಲ್ಲಿ ಕಾಣುವವು. ನೂರಾರಿವೆ. ಬೇ ಲಾರೇ ಎಂಬ ಕೊಲ್ಲಿಯ ಬಳಿ, ರೇಂಜರ್ ಠಾಣೆಯ ಅಂಗಳದಲ್ಲೇ ಹೆಚ್ಚು ಸೇರುತ್ತವೆ.

ಕರ್ನಾಟಕದಿಂದ ಹೋಗುವವರಿಗೆ ಏನೇನು ಕಾಗದ ಬೇಕು?

ಭಾರತದ ಪಾಸ್‌ಪೋರ್ಟ್‌ಗೆ ಮುಂಗಡ ವೀಸಾ ಬೇಡ. ಆದರೆ ಹೊರಡುವ ಮುಂಚೆ ಆನ್‌ಲೈನ್‌ನಲ್ಲಿ ಸೇಶೆಲ್ಸ್ ಸರ್ಕಾರದ ಪ್ರಯಾಣ ಅನುಮತಿ ಪಡೆಯಲೇಬೇಕು. ಕೈಗೂಸಿಗೂ ಪ್ರತ್ಯೇಕ ಅರ್ಜಿ. ವಾಪಸ್ ಟಿಕೆಟ್ ಮತ್ತು ಪ್ರತಿ ರಾತ್ರಿಯ ವಸತಿ ಬುಕಿಂಗ್ ಕೈಯಲ್ಲಿರಲಿ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ, ಪ್ಲಗ್ಗು ಬ್ರಿಟಿಷ್ ಮಾದರಿಯ ಚಪ್ಪಟೆ ಮೂರು ಪಿನ್ನಿನದು.

ಎಡವುವುದು ಹಳದಿ ಜ್ವರದ ಲಸಿಕೆಯಲ್ಲಿ. ಸೇಶೆಲ್ಸ್‌ನಲ್ಲಿ ಹಳದಿ ಜ್ವರ ಇಲ್ಲ. ಮುಂಬೈಯಿಂದ ನೇರ ಹೋದರೆ ಅಥವಾ ಕೊಲ್ಲಿ ದೇಶಗಳ ಮೂಲಕ ಹೋದರೆ ಚಿಂತೆಯಿಲ್ಲ. ಆದರೆ ಟಿಕೆಟ್ ಅಗ್ಗವೆಂದು ನೈರೋಬಿ ಅಥವಾ ಅಡಿಸ್ ಅಬಾಬಾ ಮೂಲಕ ಬುಕ್ ಮಾಡಿದರೆ, ವಾಪಸ್ ಬಂದಾಗ ನಮ್ಮದೇ ವಿಮಾನ ನಿಲ್ದಾಣದಲ್ಲಿ ಲಸಿಕೆ ಪತ್ರ ಕೇಳಬಹುದು. ಚುಚ್ಚಿಸಿಕೊಂಡ 10 ದಿನದ ನಂತರವೇ ಆ ಪತ್ರಕ್ಕೆ ಬೆಲೆ. 9 ತಿಂಗಳೊಳಗಿನ ಮಗುವಿಗೆ ಈ ಲಸಿಕೆ ಹಾಕುವುದಿಲ್ಲ. ಟಿಕೆಟ್ಟಿನಲ್ಲಿ ಉಳಿಸಿದ ದುಡ್ಡು ಇಲ್ಲೇ ಕರಗಿಹೋಗುತ್ತದೆ.

ಮಾಹೆಯಲ್ಲಿ (ವಿಮಾನ ಇಳಿಯುವ ಮುಖ್ಯ ದ್ವೀಪ) ಉಳಿದುಕೊಂಡು ಒಂದೇ ದಿನದಲ್ಲಿ ಹೋಗಿ ಬರಬಹುದಾ?

ಆಗುತ್ತದೆ, ಆದರೆ ಮಕ್ಕಳಿದ್ದರೆ ಬೇಡ. ಮಾಹೆಯಿಂದ ಪ್ರಾಲಿನ್‌ಗೆ ಫೆರ್ರಿಯಲ್ಲಿ ಒಂದು ಗಂಟೆ. ಇಳಿದ ಮೇಲೆ ಬೇ ಸೇಂತ್ ಆನ್ ಜೆಟ್ಟಿಯಿಂದ ದೋಣಿಗಳಿರುವ ಆನ್ಸ್ ವೋಲ್ಬೇರ್ ದಂಡೆಗೆ ಟ್ಯಾಕ್ಸಿ, ಅಲ್ಲಿಂದ ಕ್ಯೂರಿಯೂಸ್. ಸಂಜೆ ಇದೇ ಉಲ್ಟಾ. ದಿನದಲ್ಲಿ ನಾಲ್ಕು ಸಲ ದೋಣಿ ಹತ್ತಿ ಇಳಿದಂತಾಯಿತು. ಬೆಳಗಿನ ಫೆರ್ರಿ ಅರ್ಧ ಗಂಟೆ ತಡವಾದರೆ ಎಲ್ಲವೂ ಸರಪಳಿಯಂತೆ ತಡ. ಪ್ರಾಲಿನ್‌ನಲ್ಲಿ ಕನಿಷ್ಠ ಎರಡು ರಾತ್ರಿ ಇಟ್ಟುಕೊಳ್ಳಿ, ಆಮೆ ಪ್ರವಾಸವನ್ನು ಮೊದಲ ಹಗಲಿಗೇ ಹಾಕಿ. ಕಡಲು ಕೆರಳಿ ದೋಣಿ ರದ್ದಾದರೆ ಮರುದಿನ ಉಳಿದಿರುತ್ತದೆ.

ಯಾವ ತಿಂಗಳು ಒಳ್ಳೆಯದು?

ಏಪ್ರಿಲ್–ಮೇ ಮೊದಲ ಭಾಗ, ಅಕ್ಟೋಬರ್–ನವೆಂಬರ್ ಮೊದಲ ಭಾಗ. ಆಗ ಗಾಳಿ ದಿಕ್ಕು ಬದಲಿಸುವ ಹೊತ್ತು, ಕಡಲು ಶಾಂತ, ನೀರು ತಿಳಿ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಆಗ್ನೇಯದ ಗಾಳಿ: ಬಿಸಿಲು ಹಿತ, ಮಳೆ ಕಡಿಮೆ, ಆದರೆ ಅಲೆ ಜೋರು. ಜುಲೈ–ಆಗಸ್ಟ್‌ನಲ್ಲಿ ಮಾಹೆ–ಪ್ರಾಲಿನ್ ಫೆರ್ರಿಯಲ್ಲಿ ವಾಂತಿ ಚೀಲ ಹಂಚುವುದು ಮಾಮೂಲು. ಡಿಸೆಂಬರ್–ಫೆಬ್ರವರಿಯಲ್ಲಿ ಮಳೆ ಹೆಚ್ಚು, ಸೆಖೆ ಹೆಚ್ಚು. ನಮ್ಮ ಶಾಲೆಗಳ ಬೇಸಿಗೆ ರಜೆಗೆ ಏಪ್ರಿಲ್ ಸರಿಯಾಗಿ ಹೊಂದುತ್ತದೆ, ದಸರಾ ರಜೆಗೆ ಅಕ್ಟೋಬರ್.

ಒಂದು ಮುಜುಗರದ ಸಂಗತಿ ಮೊದಲೇ ಹೇಳಿಬಿಡುವುದು ಒಳ್ಳೆಯದು. ಫೆಬ್ರವರಿಯಿಂದ ಮೇವರೆಗೆ ಆಮೆಗಳ ಕೂಡುವ ಕಾಲ. ಗಂಡಾಮೆ ಆಗ ಹೊರಡಿಸುವ ಗೊರಗುಟ್ಟುವ ಸದ್ದು ಇಡೀ ಬಯಲಿಗೆ ಕೇಳುತ್ತದೆ. ಮಕ್ಕಳು ಕೇಳುವ ಪ್ರಶ್ನೆಗೆ ಉತ್ತರ ತಯಾರಿಟ್ಟುಕೊಳ್ಳಿ.

ದೋಣಿ ಬುಕ್ ಮಾಡುವಾಗ ಏನು ಕೇಳಬೇಕು?

ದರ ಕೇಳುವ ಮುಂಚೆ ಇವನ್ನು ಕೇಳಿ:

- ಉದ್ಯಾನದ ಪ್ರವೇಶ ಶುಲ್ಕ ದರದಲ್ಲಿ ಸೇರಿದೆಯೋ, ಅಲ್ಲಿ ಬೇರೆ ಕಟ್ಟಬೇಕೋ? ಮಕ್ಕಳಿಗೆ ಏನು ದರ?
- ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯೋ? ದೊಡ್ಡವರದ್ದನ್ನು ಮಗುವಿಗೆ ಹಾಕಿದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲಕ್ಕೆ ಜಾರಿ ಮಗು ಕೆಳಗೆ ಜಾರುತ್ತದೆ. ತೊಡೆಸಂದಿನ ಪಟ್ಟಿ ಇರುವುದೇ ಬೇಕು.
- ದೋಣಿಗೆ ಮಾಡು ಇದೆಯೋ?
- ಬೇ ಲಾರೇಯಲ್ಲಿ ಇಳಿಸಿ ದ್ವೀಪದ ಇನ್ನೊಂದು ಬದಿಯ ಆನ್ಸ್ ಸೇಂ ಜೋಸೆ ದಂಡೆಯಲ್ಲಿ ಹತ್ತಿಸುತ್ತಾರೋ? ನಡೆಯಲಾಗದವರನ್ನು ದೋಣಿಯಲ್ಲೇ ಆ ಕಡೆಗೆ ಒಯ್ಯುತ್ತಾರೋ?
- ಊಟ ಸೇರಿದೆಯೋ, ಸಸ್ಯಾಹಾರ ಬೇರೆ ಮಾಡುತ್ತಾರೋ?
- ಕಡಲು ಕೆರಳಿ ರದ್ದಾದರೆ ಹಣ ವಾಪಸ್ಸೋ, ಮರುದಿನಕ್ಕೆ ಬದಲಿಯೋ?

ಒಟ್ಟಿಗೆ ಒಂದೇ ಮನೆಯ ಆರೇಳು ಜನ ಇದ್ದರೆ ಖಾಸಗಿ ದೋಣಿಯ ಲೆಕ್ಕವನ್ನೂ ಕೇಳಿ ನೋಡಿ. ತಲಾವಾರು ಟಿಕೆಟ್ಟಿಗಿಂತ ಹೆಚ್ಚು ವ್ಯತ್ಯಾಸ ಬರದಿರಬಹುದು. ಹೊರಡುವ ಹೊತ್ತು ನಿಮ್ಮ ಕೈಯಲ್ಲಿರುತ್ತದೆ. ಆಮೆಗಳ ಮಟ್ಟಿಗೆ ಹೊತ್ತೇ ಎಲ್ಲ, ಮುಂದೆ ನೋಡಿ.

ದಿನ ಹೇಗೆ ಸಾಗುತ್ತದೆ?

ಗುಂಪಿನ ದೋಣಿಗಳು ಸಾಮಾನ್ಯವಾಗಿ ಬೆಳಗ್ಗೆ 9–9.30ಕ್ಕೆ ಆನ್ಸ್ ವೋಲ್ಬೇರ್ ದಂಡೆಯಿಂದ ಹೊರಡುತ್ತವೆ. ಬೇ ಲಾರೇಯಲ್ಲಿ ಇಳಿದು ಶುಲ್ಕ, ರೇಂಜರ್ ಹೇಳುವ ನಾಲ್ಕು ಮಾತು, ಆಮೆಗಳ ಜೊತೆ ಮುಕ್ಕಾಲು–ಒಂದು ಗಂಟೆ. ಆಮೇಲೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಮೇಲೆ ಹಾಕಿದ ಹಲಗೆ ದಾರಿಯಲ್ಲಿ, ನಂತರ ಗುಡ್ಡ ಹತ್ತಿಳಿದು ದ್ವೀಪದ ಇನ್ನೊಂದು ಬದಿಯ ಆನ್ಸ್ ಸೇಂ ಜೋಸೆಗೆ ನಡಿಗೆ. ದೂರ ಒಂದೂವರೆ ಕಿಲೋಮೀಟರ್ ಅಷ್ಟೆ, ಆದರೆ ಮಕ್ಕಳ ಕಾಲಿಗೆ 45 ನಿಮಿಷ ಹಿಡಿಯಿರಿ. ಅಲ್ಲಿ ಸುಟ್ಟ ಮೀನಿನ ಊಟ, ಸ್ನಾನ, ವಿಶ್ರಾಂತಿ. ವಾಪಸಾಗುವಾಗ ಸೇಂ ಪಿಯೇರ್ ಎಂಬ ಪುಟ್ಟ ಬಂಡೆದ್ವೀಪದ ಬಳಿ ಸ್ನಾರ್ಕೆಲಿಂಗ್. ಮಧ್ಯಾಹ್ನ 3–4ಕ್ಕೆ ದಂಡೆಗೆ.

ನಮ್ಮ ಅಭಿಪ್ರಾಯದಲ್ಲಿ ಆಮೆಗಳಿಗೆ ಇಟ್ಟ ಒಂದು ಗಂಟೆ ಸಾಲದು. ಮೊದಲ ಹದಿನೈದು ನಿಮಿಷ ಫೋಟೋ ಗದ್ದಲದಲ್ಲೇ ಹೋಗುತ್ತದೆ. ಜನ ಚದುರಿದ ಮೇಲೆ, ಮಕ್ಕಳು ಸುಮ್ಮನೆ ಒಂದು ಕಡೆ ಕುಕ್ಕರಗಾಲಿನಲ್ಲಿ ಕೂತ ಮೇಲೆ, ಆಮೆಯೇ ಹತ್ತಿರ ಬಂದು ಕೊರಳು ಚಾಚುವುದಿದೆ. ಅದಕ್ಕೆ ಸಮಯ ಉಳಿಸಿಕೊಳ್ಳಿ.

ಎಷ್ಟು ಹೊತ್ತಿಗೆ ಹೋದರೆ ಆಮೆಗಳು ಓಡಾಡುತ್ತಿರುತ್ತವೆ?

ಬೆಳಗ್ಗೆ 10ರೊಳಗೆ, ಇಲ್ಲವೇ ಮಧ್ಯಾಹ್ನ 3.30ರ ನಂತರ. ಕಾರಣ ಸರಳ: ಇದು ತಣ್ಣನೆ ರಕ್ತದ ಪ್ರಾಣಿ, ಬೆವರುವುದಿಲ್ಲ, ಮೈಮೇಲೆ ಬಾಣಲೆ ಕವುಚಿದಂಥ ಚಿಪ್ಪು. ಬಿಸಿಲಿಗೆ ಮೈ ಕಾದರೆ ಸಾಯುವುದೂ ಉಂಟು. ಹಾಗಾಗಿ 11ರ ಹೊತ್ತಿಗೆ ಮರದ ನೆರಳಿಗೋ ಕೆಸರಿಗೋ ಸೇರಿ ಕದಲುವುದಿಲ್ಲ. ‘ಆಮೆ ಬರೀ ಕಲ್ಲಿನ ಹಾಗೆ ಕೂತಿತ್ತು’ ಎಂದು ಬೇಸರಪಟ್ಟುಕೊಂಡು ಬರುವವರು ಹೆಚ್ಚಾಗಿ 11.30ರ ದೋಣಿಯವರು.

ನೆರಳಿನಲ್ಲಿರುವ ಆಮೆಯನ್ನು ಫೋಟೋಗಾಗಿ ಬಿಸಿಲಿಗೆ ಎಬ್ಬಿಸಬೇಡಿ. ಅದು ಹೊರಡುವ ದಾರಿಗೆ ಅಡ್ಡ ನಿಲ್ಲಲೂಬೇಡಿ.

ಮುಟ್ಟಬಹುದಾ? ತಿನ್ನಿಸಬಹುದಾ?

ರೇಂಜರ್ ಅನುಮತಿ ಕೊಟ್ಟರೆ ಎರಡೂ ಆಗುತ್ತದೆ, ವಿಧಾನ ಗೊತ್ತಿದ್ದರೆ ಚೆಂದ.

ಮುಖದ ನೇರ ಎದುರಿನಿಂದಲೂ ಬೇಡ, ಹಿಂದಿನಿಂದ ದಿಢೀರನೆಯೂ ಬೇಡ. ಓರೆಯಾಗಿ, ಅದಕ್ಕೆ ಕಾಣುವಂತೆ ನಿಧಾನ ಬಂದು ಕೂರಿ. ನಿಮ್ಮ ನೆರಳು ತಲೆಯ ಮೇಲೆ ಬಿದ್ದರೆ ‘ಹುಸ್ಸ್’ ಎಂದು ಕೊರಳೆಳೆದುಕೊಳ್ಳುತ್ತದೆ. ಮಕ್ಕಳು ಹೆದರುವುದು ಈ ಸದ್ದಿಗೆ. ಬುಸುಗುಟ್ಟಿದ್ದಲ್ಲ ಅದು, ತಲೆ ಒಳಗೆ ಹೋಗಲು ಜಾಗ ಬೇಕಲ್ಲ, ಶ್ವಾಸಕೋಶದ ಗಾಳಿ ಹೊರಗೆ ಬಂದದ್ದು. ಹಾಗಾದರೆ ಎರಡು ನಿಮಿಷ ಬಿಟ್ಟುಬಿಡಿ.

ತಲೆ ಹೊರಗಿದ್ದರೆ ಗಲ್ಲದ ಕೆಳಗೆ, ಕೊರಳ ಬದಿಯಲ್ಲಿ ಬೆರಳ ಹಿಂಬದಿಯಿಂದ ಮೆಲ್ಲಗೆ ಸವರಿ. ಚರ್ಮ ಹಳೇ ತೊಗಲಿನ ಚೀಲದಂತೆ ಸುಕ್ಕು, ಒಣಗಿದ್ದು, ಆದರೆ ಅಂದುಕೊಂಡದ್ದಕ್ಕಿಂತ ಮೆತ್ತಗೆ, ಬಿಸಿಲು ಕಾದಿದ್ದರೆ ಬೆಚ್ಚಗೆ. ಕೆಲವು ಆಮೆಗಳಿಗೆ ಇದು ಎಷ್ಟು ಹಿತವೆಂದರೆ ನಾಲ್ಕೂ ಕಾಲು ನೆಟ್ಟಗೆ ಮಾಡಿ ಎದ್ದು ನಿಂತು, ಕೊರಳನ್ನು ಪೂರ್ತಿ ಮೇಲಕ್ಕೆ ಚಾಚಿ, ಕಣ್ಣು ಅರ್ಧ ಮುಚ್ಚಿಕೊಂಡು ನಿಂತುಬಿಡುತ್ತವೆ. ನಿಂತದ್ದು ಧೊಪ್ಪನೆ ಕೂತುಬಿಡಲೂಬಹುದು. ಚಿಪ್ಪಿನ ಅಂಚಿನ ಕೆಳಗೆ ಕೈಯಾಗಲಿ ಕಾಲ್ಬೆರಳಾಗಲಿ ಇಡಬೇಡಿ.

ತಿನ್ನಿಸಲು ಅಲ್ಲೇ ಬಿದ್ದ ಎಲೆ ಸಾಕು, ಕಾಡುಬಾದಾಮಿಯ ಅಗಲ ಎಲೆ ಅವಕ್ಕೆ ಇಷ್ಟ. ತೊಟ್ಟಿನ ತುದಿ ಹಿಡಿದು ಎಲೆಯ ತುದಿಯನ್ನು ಬಾಯಿಗೆ ತೋರಿಸಿ, ಹಿಡಿದ ತಕ್ಷಣ ಕೈ ಬಿಡಿ. ಅಂಗೈಯಲ್ಲಿಟ್ಟು ಕೊಡುವುದು ದನಕ್ಕೆ ಸರಿ, ಆಮೆಗಲ್ಲ. ಬಿಸ್ಕತ್ತು, ಚಪಾತಿ, ಚಿಪ್ಸ್ ಬೇಡವೇ ಬೇಡ. ಹುಲ್ಲು ಸೊಪ್ಪು ಅರಗಿಸುವ ಕರುಳಿಗೆ ಹಿಟ್ಟು, ಸಕ್ಕರೆ ತೊಂದರೆ. ಪ್ಲಾಸ್ಟಿಕ್ ಕವರಿನಲ್ಲಿ ತಿಂಡಿಯ ವಾಸನೆ ಇದ್ದರೆ ಕವರನ್ನೇ ನುಂಗುವ ಪ್ರಾಣಿ ಇದು.

ಮೇಲೆ ಕೂರಿಸುವುದು, ಕಾಲಿಡುವುದು, ಚಿಪ್ಪು ತಟ್ಟುವುದು ಕೂಡದು. ಚಿಪ್ಪು ಹೊರಗಿನ ಕವಚವಲ್ಲ, ಬೆನ್ನುಮೂಳೆ, ಪಕ್ಕೆಲುಬು ಸೇರಿ ಆದದ್ದು. ಮುಟ್ಟಿದ್ದು ಅದಕ್ಕೆ ಗೊತ್ತಾಗುತ್ತದೆ. ಕೂರ್ಮಾವತಾರ ನೆನೆದು ಹಿರಿಯರು ಕೈಮುಗಿಯುವುದಕ್ಕೆ ಯಾರ ಅಡ್ಡಿಯೂ ಇಲ್ಲ, ಕುಂಕುಮ ಮಾತ್ರ ಹಚ್ಚಬೇಡಿ, ನಾಣ್ಯವಿಡಬೇಡಿ.

ಕಚ್ಚುತ್ತದೆಯಾ?

ಬೇಕೆಂದು ಕಚ್ಚುವುದಿಲ್ಲ, ತಪ್ಪಿ ಕಚ್ಚುತ್ತದೆ. ಹಲ್ಲಿಲ್ಲ, ಆದರೆ ಬಾಯಿಯ ಅಂಚು ಕೊಂಬಿನಂತೆ ಗಟ್ಟಿ, ಬೆರಳು ಜಜ್ಜಿಹೋಗಲು ಅಷ್ಟು ಸಾಕು. ಕೆಂಪು, ಹಳದಿ ಕಂಡರೆ ಹಣ್ಣೆಂದು ಮೂಸಲು ಬರುತ್ತದೆ. ಉಗುರುಬಣ್ಣ ಹಚ್ಚಿದ ಕಾಲ್ಬೆರಳು, ಹೂವಿನ ಚಿತ್ರದ ಚಪ್ಪಲಿ ಇವುಗಳ ಮೇಲೆ ಕಣ್ಣಿರಲಿ. ಮುಂದೆ ಮುಚ್ಚಿದ ಬೂಟು ಹಾಕಿದರೆ ಈ ಚರ್ಚೆಯೇ ಇಲ್ಲ.

‘ಸಾಧು, ಬರೀ ಸೊಪ್ಪು ತಿನ್ನುತ್ತದೆ’ ಎಂಬ ಮಾತೂ ಪೂರ್ತಿ ನಿಜವಲ್ಲ. ಸೇಶೆಲ್ಸ್‌ನದೇ ಫ್ರೇಗಾಟ್ ದ್ವೀಪದಲ್ಲಿ 2020ರಲ್ಲಿ ಒಂದು ಹೆಣ್ಣಾಮೆ ಹಕ್ಕಿಮರಿಯನ್ನು ನಿಧಾನವಾಗಿ ಅಟ್ಟಿಸಿಕೊಂಡು ಹೋಗಿ ಕೊಂದು ತಿಂದದ್ದು ವಿಡಿಯೋದಲ್ಲಿ ದಾಖಲಾಗಿದೆ.

ಒಂದು ಆಮೆ ಕೈಕಾಲು ಚಾಚಿ ಬಿದ್ದಿದೆ, ಸತ್ತಿದೆಯಾ?

ನಿದ್ದೆ. ಕೊರಳು ನೆಲಕ್ಕೆ ಹಾಸಿ, ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಬಿಟ್ಟು ಮಲಗುವುದು ಇವುಗಳ ಪದ್ಧತಿ. ನೊಣ ಮುತ್ತಿದ್ದರೂ ಕದಲುವುದಿಲ್ಲ. ತಟ್ಟಿ ನೋಡಬೇಡಿ. ಬೆನ್ನು ಕೆಳಗಾಗಿ ಬಿದ್ದದ್ದು ಕಂಡರೆ ಮಾತ್ರ ತಕ್ಷಣ ರೇಂಜರ್‌ನನ್ನು ಕರೆಯಿರಿ, ನೀವೇ ಮಗುಚಲು ಹೋದರೆ ಸೊಂಟ ಹಿಡಿದುಕೊಂಡೀತು.

ಗಂಡೋ ಹೆಣ್ಣೋ? ವಯಸ್ಸೆಷ್ಟು?

ಗಂಡಿನ ಬಾಲ ಉದ್ದ, ದಪ್ಪ. ಹೊಟ್ಟೆಯ ಕಡೆಯ ಚಿಪ್ಪು ಒಳಕ್ಕೆ ತಗ್ಗಿರುತ್ತದೆ. ಹೆಣ್ಣಿನದು ಚಪ್ಪಟೆ.

ವಯಸ್ಸನ್ನು ಚಿಪ್ಪಿನ ಉಂಗುರ ಎಣಿಸಿ ಹೇಳುತ್ತೇವೆ ಎನ್ನುವವರನ್ನು ನಂಬಬೇಡಿ. ಎಳೆಯ ಆಮೆಯಲ್ಲಿ ಅಂದಾಜಿಗೆ ಸಿಗುತ್ತದೆ. ಮುದಿಯಾದಂತೆ ಚಿಪ್ಪು ಸವೆದು ನುಣುಪಾಗುತ್ತದೆ, ಎಣಿಸಲು ಏನೂ ಉಳಿಯುವುದಿಲ್ಲ. ನೂರು ದಾಟುವುದು ಮಾತ್ರ ನಿಜ. ಸೇಂಟ್ ಹೆಲೆನಾ ದ್ವೀಪದ ಜೊನಾಥನ್ ಎಂಬ ಸೇಶೆಲ್ಸ್ ಮೂಲದ ಗಂಡಾಮೆ ಹುಟ್ಟಿದ್ದು ಸುಮಾರು 1832ರಲ್ಲಿ ಎಂಬ ಲೆಕ್ಕ ಇದೆ. 1882ರಲ್ಲಿ ಅಲ್ಲಿಗೆ ತಂದಾಗಲೇ ಅದು ಪೂರ್ತಿ ಬೆಳೆದಿತ್ತು ಎಂಬುದು ಅದಕ್ಕೆ ಆಧಾರ.

ಮರಿಗಳನ್ನು ತೋರಿಸುತ್ತಾರಾ?

ರೇಂಜರ್ ಠಾಣೆಯ ಬಳಿ ಮರಿಗಳನ್ನು ಸಾಕುವ ಆವರಣವಿದೆ. ದ್ವೀಪದಲ್ಲಿ ಬೇಲಿಯೊಳಗೆ ಇರುವವು ಇವು ಮಾತ್ರ, ಏಕೆಂದರೆ ಮೆತ್ತನೆ ಚಿಪ್ಪಿನ ಮರಿಗೆ ಇಲಿ, ಏಡಿ, ಕದಿಯುವ ಮನುಷ್ಯ ಮೂವರೂ ಶತ್ರು. ಅಂಗೈಯಗಲದ್ದನ್ನು ನೋಡಿ ಪಕ್ಕದಲ್ಲೇ ಕಾಫಿ ಟೇಬಲ್ಲಿನಷ್ಟು ದೊಡ್ಡದನ್ನು ನೋಡುವುದು ಮಕ್ಕಳಿಗೆ ಬಹಳ ಹಿಡಿಸುತ್ತದೆ. ಎತ್ತಿಕೊಳ್ಳಬೇಡಿ. ಮೊಟ್ಟೆಯೊಳಗಿನದು ಗಂಡಾಗುವುದೋ ಹೆಣ್ಣಾಗುವುದೋ ಎಂಬುದನ್ನು ಮಣ್ಣಿನ ಬಿಸಿ ತೀರ್ಮಾನಿಸುತ್ತದೆ ಎಂಬುದನ್ನು ಸ್ವಲ್ಪ ದೊಡ್ಡ ಮಕ್ಕಳಿಗೆ ಇಲ್ಲೇ ಹೇಳಬಹುದು.

ದೋಣಿಯಿಂದ ಇಳಿಯುವುದು ಕಷ್ಟವಾ?

ಪ್ರವಾಸ ಕೆಡುವುದು ಹೆಚ್ಚಾಗಿ ಇಲ್ಲೇ, ಆಮೆಗಳಿಂದಲ್ಲ. ದೋಣಿ ಮರಳಿನ ಹತ್ತಿರ ಬಂದು ನಿಲ್ಲುತ್ತದೆ, ನೀವು ಮಂಡಿಯಷ್ಟು, ಅಲೆ ಬಂದರೆ ತೊಡೆಯಷ್ಟು ನೀರಿಗೆ ಇಳಿಯಬೇಕು. ಮೊಬೈಲ್ ಜೇಬಿನಲ್ಲಿದ್ದರೆ ಅದರ ಕಥೆ ಮುಗಿಯಿತು. ಎಲ್ಲ ಎಲೆಕ್ಟ್ರಾನಿಕ್ ಸಾಮಾನು, ಪಾಸ್‌ಪೋರ್ಟ್ ನಕಲು, ಹಣ 10 ಲೀಟರಿನ ಜಲನಿರೋಧಕ ಚೀಲದಲ್ಲಿ ಹಾಕಿ ಬಾಯಿ ಮೂರು ಸುತ್ತು ಮಡಚಿ. ಸೀರೆ, ಜೀನ್ಸ್ ಬೇಡ, ಮಂಡಿವರೆಗಿನ ಚಡ್ಡಿ ಅಥವಾ ಬೇಗ ಒಣಗುವ ಪ್ಯಾಂಟು. ಎರಡು ಅಲೆಗಳ ನಡುವೆ ದೋಣಿಯವನು ‘ಈಗ’ ಎಂದಾಗ, ದೋಣಿಗೆ ಮುಖ ಮಾಡಿ ಏಣಿ ಇಳಿಯುವಂತೆ ಇಳಿಯಿರಿ. ಮೊದಲು ಒಬ್ಬ ದೊಡ್ಡವರು ಇಳಿದು ನಿಲ್ಲಲಿ, ಆಮೇಲೆ ಮಗುವನ್ನು ಕೈಯಿಂದ ಕೈಗೆ ಕೊಡಿ. ಮಗುವನ್ನು ಎತ್ತಿಕೊಂಡೇ ಇಳಿಯುವ ಸಾಹಸ ಬೇಡ.

ಅಮ್ಮನಿಗೆ ಮಂಡಿನೋವು. ಕರೆದುಕೊಂಡು ಹೋಗಬಹುದಾ?

ಹೋಗಬಹುದು. ಆಮೆಗಳಿರುವ ಬೇ ಲಾರೇ ಬಯಲು ಸಮತಟ್ಟು, ನೆರಳಿದೆ. ಅವರು ಅಲ್ಲೇ ಆರಾಮವಾಗಿ ಕೂತು ನೋಡಲಿ. ಗುಡ್ಡದ ದಾರಿಯಲ್ಲಿ ಬಂಡೆ, ಬೇರು, ಎತ್ತರ ತಗ್ಗಿನ ಮೆಟ್ಟಿಲು ಇವೆ. ಮಳೆ ಬಿದ್ದಿದ್ದರೆ ಕೆಂಪುಮಣ್ಣು ಜಾರುತ್ತದೆ. ದೋಣಿ ಹೇಗೂ ಸುತ್ತಿಕೊಂಡು ಆನ್ಸ್ ಸೇಂ ಜೋಸೆಗೆ ಹೋಗುತ್ತದೆ, ಅದರಲ್ಲೇ ಅವರನ್ನು ಕರೆದೊಯ್ಯಲು ಬುಕಿಂಗ್ ದಿನವೇ ಹೇಳಿ. ನೀರಿಗಿಳಿಯುವುದು ಎರಡು ಸಲವಾಗುತ್ತದೆ, ಅಷ್ಟೆ. ಗಾಲಿಕುರ್ಚಿಗೆ ಈ ದ್ವೀಪ ಹೊಂದುವುದಿಲ್ಲ.

ಎರಡು ವರ್ಷದ ಮಗು ಇದೆ.

ತಳ್ಳುಗಾಡಿ ಪ್ರಾಲಿನ್‌ನಲ್ಲೇ ಬಿಡಿ, ಬೆನ್ನಿಗೆ ಕಟ್ಟುವ ಚೀಲ ತನ್ನಿ. ಆಮೆಗಳ ನಡುವೆ ಮಗುವನ್ನು ನೆಲಕ್ಕೆ ಬಿಟ್ಟು ನೀವು ಫೋಟೋ ತೆಗೆಯಲು ಹಿಂದೆ ಸರಿಯಬೇಡಿ. ನಿಧಾನ ನಡೆಯುವ ಪ್ರಾಣಿಯೇ, ಆದರೆ ಎದುರಿಗೆ ಏನಿದ್ದರೂ ತಳ್ಳಿಕೊಂಡು ಹೋಗುವ ಅಭ್ಯಾಸ ಅದಕ್ಕಿದೆ.

ಇದಕ್ಕಿಂತ ಮುಖ್ಯ ಕೈ ತೊಳೆಯುವುದು. ಆಮೆ, ಹಲ್ಲಿ, ಹಾವುಗಳ ಮೈಮೇಲೆ, ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಅದರಿಂದ ಆಮೆಗೇನೂ ಆಗುವುದಿಲ್ಲ, 5 ವರ್ಷದೊಳಗಿನ ಮಕ್ಕಳಿಗೆ ಭೇದಿ, ಜ್ವರ ತರಬಲ್ಲದು. ಬಯಲು ತುಂಬ ಹಿಕ್ಕೆ ಇರುತ್ತದೆ. ಮುಟ್ಟಿದ ಮೇಲೆ ಸೋಪು ನೀರಲ್ಲಿ 20 ಸೆಕೆಂಡು ತೊಳೆಸಿ. ಮಣ್ಣು ಮೆತ್ತಿದ ಕೈಗೆ ಸ್ಯಾನಿಟೈಸರ್ ಕೆಲಸ ಮಾಡುವುದಿಲ್ಲ, ಆದ್ದರಿಂದ ಅರ್ಧ ಲೀಟರ್ ನೀರು ಮತ್ತು ಕಾಗದದ ಸೋಪು ಇದಕ್ಕೆಂದೇ ಬೇರೆ ಇಟ್ಟುಕೊಳ್ಳಿ. ಬಾಯಿಗೆ ಬೆರಳು ಹಾಕುವ ವಯಸ್ಸಿನ ಮಗು ಮುಟ್ಟದೆ ನೋಡಿದರೆ ಸಾಕು.

ಶುದ್ಧ ಸಸ್ಯಾಹಾರಿಗಳಿಗೆ ಊಟ?

ದಂಡೆಯ ಊಟವೆಂದರೆ ಇದ್ದಿಲ ಮೇಲೆ ಸುಟ್ಟ ಮೀನು, ಕೋಳಿ, ಅನ್ನ, ಸಲಾಡು, ಹಣ್ಣು. ಮೊದಲೇ ಹೇಳಿದ್ದರೆ ತರಕಾರಿ ಸುಟ್ಟು ಕೊಡುತ್ತಾರೆ, ಆದರೆ ಅದೇ ಸರಳಿನ ಮೇಲೆ. ಅದು ಆಗದವರು ಬುತ್ತಿ ಕಟ್ಟಿಕೊಂಡೇ ಹೋಗಬೇಕು. ಪ್ರಾಲಿನ್‌ನಲ್ಲಿ ಅಡುಗೆಮನೆ ಇರುವ ವಸತಿ ಹಿಡಿದರೆ ಕೆಲಸ ಸುಲಭ. ಅಕ್ಕಿ, ಬೇಳೆ ಅಂಗಡಿಗಳಲ್ಲಿ ಸಿಗುತ್ತವೆ, ಬೇಳೆಸಾರು ಅಲ್ಲಿನವರ ಊಟದಲ್ಲೂ ಉಂಟು. ತಮಿಳು ವರ್ತಕರು ತಲೆಮಾರುಗಳಿಂದ ನೆಲೆಸಿದ ದೇಶ ಅದು, ರಾಜಧಾನಿ ವಿಕ್ಟೋರಿಯಾದಲ್ಲಿ ಗೋಪುರವಿರುವ ವಿನಾಯಕ ದೇವಸ್ಥಾನವೇ ಇದೆ.

ಬುತ್ತಿಗೆ ಪುಳಿಯೋಗರೆ, ಚಪಾತಿ–ಚಟ್ನಿಪುಡಿ ಸರಿ. ಮೊಸರನ್ನ ಆ ಸೆಖೆಗೆ ಮಧ್ಯಾಹ್ನದೊಳಗೆ ಹುಳಿಯಾಗುತ್ತದೆ. ಊರಿನಿಂದ ಒಯ್ಯುವುದಾದರೆ ಸೀಲ್ ಆದ ಪೊಟ್ಟಣದ ಒಣ ಪದಾರ್ಥ ಮಾತ್ರ, ವಿಮಾನ ನಿಲ್ದಾಣದಲ್ಲಿ ಘೋಷಿಸಿ. ಹಸಿ ಹಣ್ಣು, ಕರಿಬೇವು, ಬೀಜ ಒಯ್ಯಬೇಡಿ, ದ್ವೀಪದೇಶಗಳು ಕೀಟ, ರೋಗ ಬರುತ್ತದೆಂದು ಇವನ್ನು ತಡೆಯುತ್ತವೆ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ಸೇಶೆಲ್ಸ್ 2017ರಲ್ಲೇ ನಿಷೇಧ ಹಾಕಿದೆ. ಸ್ಟೀಲ್ ಡಬ್ಬಿಯೇ ಒಳ್ಳೆಯದು.

ಬ್ಯಾಗಿನಲ್ಲಿ ಇನ್ನೇನಿರಬೇಕು?

ನೀರು ದೊಡ್ಡವರಿಗೆ ತಲಾ 2 ಲೀಟರ್, ಮಕ್ಕಳಿಗೆ 1 ಲೀಟರ್. ದ್ವೀಪದಲ್ಲಿ ಕೊಳ್ಳಲು ಸಿಗದು. ಅಗಲ ಅಂಚಿನ ಟೋಪಿ, ಉದ್ದ ತೋಳಿನ ಈಜುಡುಪು (ಸಮಭಾಜಕದಿಂದ ಬರೀ 4 ಡಿಗ್ರಿ ದಕ್ಷಿಣ, ಮೋಡವಿದ್ದರೂ ಬೆನ್ನು ಸುಡುತ್ತದೆ), ಸನ್‌ಸ್ಕ್ರೀನ್, ಕಾಂಡ್ಲಾ ದಾರಿಗೆ ಸೊಳ್ಳೆ–ನುಸಿ ಮುಲಾಮು, ಒಣ ಬಟ್ಟೆ ಒಂದು ಜೊತೆ, ಕಸಕ್ಕೊಂದು ಚೀಲ. ವಾಂತಿಯಾಗುವವರು ವೈದ್ಯರು ಹೇಳಿದ ಮಾತ್ರೆಯನ್ನು ದೋಣಿ ಹತ್ತುವ ಮುಂಚೆಯೇ ನುಂಗಬೇಕು, ತಲೆ ಸುತ್ತಲು ಶುರುವಾದ ಮೇಲೆ ನುಂಗಿದರೆ ಮಾತ್ರೆಯೂ ಹೊರಗೆ. ನಡಿಗೆಯ ದಾರಿಯಲ್ಲಿ ಶೌಚಾಲಯ ಇಲ್ಲ, ಮೊದಲೇ ಹೋಗಿಬನ್ನಿ.

ಈಜು ಬರದವರು ಸೇಂ ಪಿಯೇರ್‌ನಲ್ಲಿ ಏನು ಮಾಡುವುದು?

ದೋಣಿಯಲ್ಲೇ ಕೂರುವುದು. ಅಲ್ಲಿ ಕಾಲೂರುವ ದಂಡೆಯಿಲ್ಲ, ದೋಣಿಯಿಂದ ನೇರ ಆಳದ ನೀರಿಗೆ. ಬಂಡೆಗಳ ಬಳಿ ಸೆಳೆತವೂ ಇರುತ್ತದೆ. ಲೈಫ್ ಜಾಕೆಟ್ ಇದೆಯೆಂದು ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ. ಮಾಸ್ಕ್ ಅಭ್ಯಾಸವನ್ನು ಹಿಂದಿನ ದಿನ ದಂಡೆಯ ಸೊಂಟದ ನೀರಲ್ಲೇ ಮಾಡಿಸಿ.

ಆಮೆ ಬಿಟ್ಟು ದ್ವೀಪದಲ್ಲಿ ನೋಡುವುದೇನಿದೆ?

ಬೇ ಲಾರೇಯಲ್ಲಿ ಕಲ್ಲಿನ ಹಳೇ ಗೋಡೆಯ ಅವಶೇಷ ಕಾಣುತ್ತದೆ. 20ನೇ ಶತಮಾನದ ಆರಂಭದಲ್ಲಿ ಕಡಲಾಮೆಗಳನ್ನು ಕೂಡಿಹಾಕಿ ಸಾಕಲು ಕೊಲ್ಲಿಗೆ ಅಡ್ಡಲಾಗಿ ಕಟ್ಟಿದ್ದು. ಆ ಉದ್ಯಮ ಕೈಗೂಡಲಿಲ್ಲ, ಆದರೆ ಗೋಡೆಯ ಮರೆಯಲ್ಲಿ ಕಾಂಡ್ಲಾ ಕಾಡು ಬೆಳೆಯಿತು. 2004ರ ಸುನಾಮಿ ಗೋಡೆಯನ್ನು ಒಡೆಯಿತು. ಆಸುಪಾಸಿನ ತೆಳು ನೀರಿನಲ್ಲಿ ಮೊಣಕೈಯುದ್ದದ ಶಾರ್ಕ್ ಮರಿಗಳು ಸುಳಿದಾಡುತ್ತವೆ, ಕೆಣಕಬೇಡಿ, ಏನೂ ಹಾಕಬೇಡಿ.

ದಂಡೆಯುದ್ದಕ್ಕೂ ಬಾಗಿ ನಿಂತ ದಪ್ಪ ಎಲೆಯ ಮರವನ್ನು ಅವರು ‘ತಕಮಕ’ ಎನ್ನುತ್ತಾರೆ. ಕರಾವಳಿಯವರಿಗೆ ಗುರುತು ಸಿಗಬೇಕು: ನಮ್ಮ ಸುರಹೊನ್ನೆ. ಆನ್ಸ್ ಸೇಂ ಜೋಸೆಯಲ್ಲಿರುವ ಮರದ ಮನೆ 1870ರ ದಶಕದ್ದು, ಕುಷ್ಠರೋಗಿಗಳ ವಸಾಹತಿನ ವೈದ್ಯರದ್ದು. 1830ರ ಆಸುಪಾಸಿನಿಂದ 1965ರವರೆಗೆ ರೋಗಿಗಳನ್ನು ಈ ದ್ವೀಪಕ್ಕೆ ತಂದು ಇರಿಸುತ್ತಿದ್ದರು. ಊಟಕ್ಕೆ ಮುಂಚೆ ಹತ್ತು ನಿಮಿಷ ಒಳಗೆ ಹೋಗಿಬನ್ನಿ.

ನೆನಪಿಗೆ ಏನು ತರಬಹುದು? ಜೋಡಿ ತೆಂಗಿನಕಾಯಿ?

ದ್ವೀಪದಿಂದ ಚಿಪ್ಪು, ಹವಳ, ಬೀಜ ಏನನ್ನೂ ತರುವಂತಿಲ್ಲ. ಕೊಕೊ ದ ಮೇರ್ ಎಂಬ ಜೋಡಿ ತೆಂಗು ತಾನಾಗಿ ಬೆಳೆಯುವುದು ಜಗತ್ತಿನಲ್ಲಿ ಪ್ರಾಲಿನ್ ಮತ್ತು ಕ್ಯೂರಿಯೂಸ್‌ನಲ್ಲಿ ಮಾತ್ರ. ಸಸ್ಯಲೋಕದ ಅತಿ ಭಾರದ ಬೀಜ ಅದು. ಈ ದ್ವೀಪಗಳು ಗೊತ್ತಾಗುವ ಮುಂಚೆಯೇ ಅದರ ಕಾಯಿ ಕಡಲಲ್ಲಿ ತೇಲಿ ನಮ್ಮ ದಂಡೆಗಳಿಗೆ ಬರುತ್ತಿತ್ತು, ಫಕೀರರ ಭಿಕ್ಷಾಪಾತ್ರೆ, ಸಾಧುಗಳ ಕಮಂಡಲ ಅದರಿಂದಲೇ ಆಗುತ್ತಿದ್ದವು. ಈಗ ಕೊಳ್ಳುವುದಾದರೆ ಪರವಾನಗಿಯ ಅಂಗಡಿಯಲ್ಲಿ, ಸರ್ಕಾರಿ ಮುದ್ರೆ ಮತ್ತು ರಫ್ತು ಪತ್ರದೊಂದಿಗೆ ಮಾತ್ರ. ರಸ್ತೆಬದಿಯದ್ದು ವಿಮಾನ ನಿಲ್ದಾಣದಲ್ಲೇ ಉಳಿಯುತ್ತದೆ.

ದೋಣಿ ರದ್ದಾಯಿತು. ಆಮೆ ಬೇರೆಲ್ಲಿ ನೋಡಬಹುದು?

ಮಾಹೆಯಲ್ಲೇ, ವಿಕ್ಟೋರಿಯಾದ ಸಸ್ಯೋದ್ಯಾನದಲ್ಲಿ ಆವರಣದೊಳಗಿವೆ. ನೀರಿಗಿಳಿಯುವ ರಗಳೆಯಿಲ್ಲ, ಪುಟ್ಟ ಮಕ್ಕಳಿಗೆ ಅದೇ ಹಿತ. ಲಾ ದೀಗ್ ದ್ವೀಪದ ಯೂನಿಯನ್ ಎಸ್ಟೇಟ್‌ನಲ್ಲೂ ಇವೆ. ಹಕ್ಕಿಗಳಿಗೆ ಹೆಸರಾದ ಕಸಿನ್ ದ್ವೀಪದಲ್ಲಿ ಬಯಲಲ್ಲೇ ತಿರುಗುತ್ತವೆ, ವಾರದ ಕೆಲಸದ ದಿನಗಳ ಬೆಳಗ್ಗೆ ಮಾತ್ರ ಪ್ರವೇಶ. ತಾಂಜಾನಿಯಾಗೆ ಹೋಗುವವರಿಗೆ ಜಾಂಜಿಬಾರ್‌ನ ಸ್ಟೋನ್ ಟೌನ್ ಎದುರಿನ ಚಾಂಗೂ ದ್ವೀಪವಿದೆ. ಅಲ್ಲಿನ ಆಮೆಗಳೂ 1919ರಲ್ಲಿ ಸೇಶೆಲ್ಸ್‌ನಿಂದ ಕಾಣಿಕೆಯಾಗಿ ಹೋದವುಗಳ ಪೀಳಿಗೆಯೇ.

ಭಾರತದಲ್ಲೇ ನೋಡಲು ಸಿಗುವುದಿಲ್ಲವಾ?

ಚೆನ್ನೈ ಹತ್ತಿರದ ಮದ್ರಾಸ್ ಕ್ರೊಕೊಡೈಲ್ ಬ್ಯಾಂಕ್‌ನಲ್ಲಿ ಆಲ್ಡಾಬ್ರಾ ಆಮೆಗಳಿವೆ. ಕೋಲ್ಕತ್ತದ ಅಲಿಪುರ ಮೃಗಾಲಯದಲ್ಲಿದ್ದ ‘ಅದ್ವೈತ’ ಇದೇ ಜಾತಿಯದು, ರಾಬರ್ಟ್ ಕ್ಲೈವ್‌ನ ಕಾಲದ್ದೆಂದು ಹೇಳುತ್ತಿದ್ದರು, 2006ರ ಮಾರ್ಚ್‌ನಲ್ಲಿ ತೀರಿಕೊಂಡಿತು. ಪ್ರವಾಸ ಮುಗಿಸಿ ಬಂದ ಮಕ್ಕಳು ಮನೆಯಲ್ಲೂ ಆಮೆ ಸಾಕೋಣ ಎಂದು ಹಟ ಹಿಡಿಯುವುದು ಸಾಮಾನ್ಯ. ಮಾರುವವರು ಗುಟ್ಟಾಗಿ ತೋರಿಸುವ ನಕ್ಷತ್ರ ಆಮೆಯನ್ನು ಮುಟ್ಟಲೂ ಹೋಗಬೇಡಿ: ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಕೊಳ್ಳುವುದು, ಮನೆಯಲ್ಲಿಟ್ಟುಕೊಳ್ಳುವುದು ಎರಡೂ ಅಪರಾಧ.